ಅಕ್ಕನ ಊರಿನಲ್ಲಿ ಟೆಂಟು

'ಇಲ್ಲ' ಎನ್ನಲು ಬಾರದವರನ್ನು ಜನ ಒಳ್ಳೆಯವರು ಎನ್ನುತ್ತಾರೆ. ನಾನೂ ಅಂಥ ಒಳ್ಳೆಯವನೇ. ನನ್ನ ಒಳ್ಳೆಯತನದ ಭಾರವೆಲ್ಲ ಹೆಂಡತಿಯ ತಲೆಗೆ ಬೀಳುತ್ತದೆ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಇಸಳೂರಿನ ನಮ್ಮ ಮನೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ. ಶಿರಸಿ ಪೇಟೆಗೆ ಬಂದ ನೆಂಟರಿಗೆಲ್ಲ ಊಟದ ಹೊತ್ತಿಗೆ ಸರಿಯಾಗಿ ನಮ್ಮ ನೆನಪಾಗುತ್ತದೆ. ಇಪ್ಪತ್ತಾರು ವರ್ಷ ಹೀಗೆ ಬಡಿಸಿದ ಮೇಲೆ ನನ್ನ ಹೆಂಡತಿ ಸಾವಿತ್ರಿ ಒಂದು ದಿನ ಸೌಟು ಕೆಳಗಿಟ್ಟು, "ಎರಡು ದಿನ ಆನು ಎಂತೂ ಮಾಡ್ತ್ನಿಲ್ಲೆ. ಯಾರೋ ಬಡಿಸಿದ್ದು ಕುಂತ್ಕಂಡು ಉಣ್ತೆ. ಎಲ್ಲಾದ್ರೂ ಕರ್ಕಂಡು ಹೋಗಿ" ಎಂದಳು. ಮದುವೆಯಾದ ಮೇಲೆ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮಂಚಿಕೇರಿ ಕಡೆ ಕೆರೆ ದಂಡೆಯಲ್ಲಿ ಟೆಂಟು ಹಾಕಿ, ಅಡುಗೆಯವರನ್ನೂ ಇಟ್ಟ ಒಂದು ಶಿಬಿರವಿದೆ. ಅಲ್ಲಿ ಎರಡು ದಿನಕ್ಕೆ ಜಾಗ ಹಿಡಿದೆ.

ತೊಂದರೆಯೆಂದರೆ, ನನ್ನ ಸ್ವಂತ ಅಕ್ಕನ ಮನೆ ಅಲ್ಲಿಂದ ಮೂರೇ ಕಿಲೋಮೀಟರು. ಅಕ್ಕನ ಊರಿಗೆ ಹೋಗಿ ಬೇರೆ ಕಡೆ ಉಳಿಯುವುದೆಂದರೆ ನಮ್ಮಲ್ಲಿ ಸಂಬಂಧ ಹರಿದುಕೊಂಡಂತೆ. ಯಾರಿಗೂ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಆದರೆ ಫೋನಿನ ನಕ್ಷೆಯ ಮೇಲೆ ನನಗೆ ನಂಬಿಕೆಯಿಲ್ಲ. ಕೆರೆಯ ಹಾದಿಯಲ್ಲಿ ಕಾರು ಹೋಗುತ್ತದೋ ಇಲ್ಲವೋ ಎಂದು ಭಾವನಿಗೇ, ಅಂದರೆ ಅಕ್ಕನ ಗಂಡನಿಗೇ, ಫೋನು ಮಾಡಿ ವಿಚಾರಿಸಿದೆ. ಸುಮ್ಮನೆ ಕೇಳಿದೆ ಎಂದೂ ಸೇರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಶಿಬಿರ ತಲುಪಿದಾಗ ಬೆಳಗಿನ ಹತ್ತು ಗಂಟೆ. ಸಾವಿತ್ರಿ ಚಪ್ಪಲಿ ಬಿಟ್ಟು, ನೀರಿನ ಹತ್ತಿರ ಕುರ್ಚಿ ಎಳೆದುಕೊಂಡು ಕಾಲು ಚಾಚಿದಳು. ಅಡುಗೆಯವರನ್ನು ಕರೆದು "ಮಧ್ಯಾಹ್ನ ಊಟಕ್ಕೆ ಏನು ಮಾಡ್ತೀರಿ?" ಎಂದಳು. ಆ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವ ಖುಷಿ ಅವಳ ಮುಖದಲ್ಲಿತ್ತು. ಅವರು ಉತ್ತರ ಹೇಳಿ ಮುಗಿಸುವುದರೊಳಗೆ ಭಾವನ ಜೀಪು ಬಂತು. ಅಕ್ಕ ಇಳಿದಳು.

"ಅಲ್ದಾ ತಮಾ, ಆನು ಬದುಕಿದ್ದಿ ಹೇಳಿ ಗೊತ್ತಿದ್ದ ನಿಂಗೆ? ಅಕ್ಕನ ಮನೆ ಇಲ್ಲೇ ಇಟ್ಗಂಡು ಬಟ್ಟೆ ಗುಡಿಸ್ಲಲ್ಲಿ ಮಲಗ್ತ್ಯ? ಊರವ್ಕೆ ಆನು ಎಂತ ಹೇಳವು?"

ಸಾವಿತ್ರಿ ನನ್ನ ಮುಖ ನೋಡಿದಳು. ನಾನು, "ಹಾಂಗೇನಿಲ್ಲೆ ಅಕ್ಕ, ನಿಮ್ಮನೆಗೆ ಬರವು ಹೇಳೇ ಇತ್ತು" ಎಂದೆ. ಸಾವಿತ್ರಿ ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದಳು.

ಗಂಡನ ಅಕ್ಕನ ಮನೆಗೆ ಹೋದ ಹೆಂಗಸು ಜಗುಲಿಯಲ್ಲಿ ಕೂತಿರುವ ಪದ್ಧತಿಯಿಲ್ಲ. ಹತ್ತು ನಿಮಿಷದಲ್ಲಿ ಅವಳು ಸೆರಗು ಸಿಕ್ಕಿಸಿ ಕಾಯಿ ತುರಿಯುತ್ತಿದ್ದಳು. "ಸಾವಿತ್ರಿ ಬಂದ್ರೆ ಯಂಗೆ ಅಡುಗೆ ಚಿಂತೆನೇ ಇಲ್ಲೆ" ಎಂದು ಅಕ್ಕ ಹೊಗಳಿದ್ದು ಹೊರಗೆ ಕೇಳಿಸಿತು. ನಾನು ಭಾವನ ಜೊತೆ ಎಲೆ ಅಡಿಕೆಯ ಕವಳ ಹಾಕುತ್ತ, ಈ ನೆಂಟಸ್ತಿಕೆಯೆಂಬ ಪೀಡೆಯನ್ನು ಮನಸ್ಸಿನಲ್ಲೇ ಬೈಯುತ್ತ, ಸಂಜೆಯಾದರೂ ಟೆಂಟಿಗೆ ಮರಳುವ ಉಪಾಯ ಹುಡುಕುತ್ತಿದ್ದೆ. ಅಷ್ಟರಲ್ಲಿ ಊಟಕ್ಕೆ ಬಾಳೆ ಹಾಕಿದರು. ಹಾಳು ಹಸಿವೆಗೆ ಸಿಟ್ಟೆಲ್ಲ ಮರೆತೇಹೋಯಿತು. ಕೈಗೆ ಹಾಕಿಸಿಕೊಂಡ ಮಾವಿನಕಾಯಿಯ ಅಪ್ಪೆಹುಳಿಯನ್ನು ಸೊರ್ರನೆ ಕುಡಿದು ಮುಗಿಸಿ, ತಲೆಯೆತ್ತದೆ "ಇನ್ನೊಂಚೂರು ಬರ್ಲಿ" ಎಂದೆ. ಸೌಟು ನನ್ನ ಕೈಯ ಮೇಲೆ ಬಂದು ಹಾಗೇ ನಿಂತಿತು. ನೋಡಿದರೆ, ಬಡಿಸುತ್ತಿದ್ದವಳು ಸಾವಿತ್ರಿ. ಸೌಟು ಬಗ್ಗಿಸಿ ಹಾಕಿದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರನೆಯ ಸಲವೂ ಕೈಯೊಡ್ಡಿದೆ.