ಶೀ ಅನ್ನಬಾರದ ಮನೆ

ನನ್ನ ಚಟಗಳಲ್ಲಿ ಎಲೆ ಅಡಿಕೆಯನ್ನು ಬಿಟ್ಟೆ, ನಶ್ಯವನ್ನೂ ಬಿಟ್ಟೆ. ‘ಶೀ’ ಅನ್ನುವುದನ್ನು ಮಾತ್ರ ಬಿಡಲಾಗಿರಲಿಲ್ಲ. ಚಹಾ ತಣ್ಣಗಾಗಿದ್ದರೆ ಶೀ, ಹೆಸರು ನೋಂದಾಯಿಸಿದ ಸ್ಕೂಟರಿನ ಸರದಿ ಈ ವರ್ಷವೂ ಬರಲಿಲ್ಲವೆಂದರೆ ಶೀ, ಕಚೇರಿಯಲ್ಲಿ ಸಾಹೇಬರು ನನ್ನ ಪತ್ರವನ್ನು ತಿದ್ದಿ ವಾಪಸು ಕಳಿಸಿದರೆ ಮನಸ್ಸಿನೊಳಗೇ ಶೀ. ವಿಜಾಪುರದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಮ್ಮ ಅಜ್ಜನಂತೂ ಊಟಕ್ಕೆ ಕೂತು ಮೂರು ಸಲ ಶೀ ಅನ್ನದೆ ತುತ್ತೆತ್ತುತ್ತಿರಲಿಲ್ಲ. ಆದರೆ ಪುಣೆಗೆ ವರ್ಗವಾಗಿ ಬಂದ ಮೇಲೆ ಆ ಒಂದಕ್ಷರ ನಮ್ಮನ್ನು ಬೀದಿಗೆ ತರುವುದರಲ್ಲಿತ್ತು.

ನಮಗೆ ಸಿಕ್ಕಿದ್ದು ಪೇಠೆಯೊಳಗಿನ ಹಳೆಯ ವಾಡೆಯ ಮಾಳಿಗೆಯ ಮೇಲೆ ಎರಡು ಕೋಣೆ. ನೆಲವೆಲ್ಲ ಮರದ ಹಲಗೆ. ಹಲಗೆಯ ಕೆಳಗೆ ಸರಿಯಾಗಿ ಮನೆಯ ಮಾಲೀಕರಾದ ಅಪ್ಪಾಸಾಹೇಬರ ತೂಗುಮಣೆ. ನಮ್ಮ ಏಳು ವರ್ಷದ ಸುಮಾಗೆ ಮರಾಠಿ ಬಾರದು. ಶಾಲೆಯಿಂದ ಬಂದು ಕಿಟಕಿಯ ಹತ್ತಿರ ಸುಮ್ಮನೆ ಕೂತುಬಿಡುತ್ತಿದ್ದಳು. ಅದನ್ನು ಕಂಡು ಮರುಗಿದ ಎಲ್ಲರೂ ಕಾಕೂ ಎಂದು ಕರೆಯುವ ಪಕ್ಕದ ಗಲ್ಲಿಯ ಹೆಂಗಸೊಬ್ಬರು ತಮ್ಮ ಮನೆಯ ಪೊಮೆರೇನಿಯನ್ ನಾಯಿಯ ಹೆಣ್ಣುಮರಿಯೊಂದನ್ನು ತಂದುಕೊಟ್ಟರು. ಬೆಳ್ಳಗೆ ಹಗುರಾಗಿತ್ತು. ಸುಮಾ ಅದಕ್ಕೆ ಚುರಮುರಿ ಎಂದು ಹೆಸರಿಟ್ಟಳು. ಅದರ ಜೊತೆ ಆಡಲು ವಾಡೆಯ ಮಕ್ಕಳೆಲ್ಲ ಮೇಲೆ ಬರತೊಡಗಿದರು. ತಿಂಗಳಲ್ಲಿ ಮಗಳು ನನಗಿಂತ ಚೆನ್ನಾಗಿ ಮರಾಠಿ ಮಾತಾಡಿದಳು, ಅದಕ್ಕಿಂತ ಹೆಚ್ಚಾಗಿ ನಕ್ಕಳು. ಆ ನಗುವಿಗಾಗಿ ನಾನು ಏನನ್ನು ಬೇಕಾದರೂ ಸಹಿಸಲು ತಯಾರಿದ್ದೆ.

ಸಹಿಸಬೇಕಾಗಿದ್ದೂ ಬಹಳವಿತ್ತು. ಮೂಲೆಯಲ್ಲಿ ಪತ್ರಿಕೆ ಹಾಸಿದರೆ ಮರಿ ಒಂದಕ್ಕೂ ಎರಡಕ್ಕೂ ಅಲ್ಲೇ ಹೋಗುತ್ತದೆ ಎಂದು ಯಾರೋ ಹೇಳಿದರು. ನಮ್ಮಲ್ಲಿ ಇದ್ದದ್ದು ಊರಿಂದ ಟಪಾಲಿನಲ್ಲಿ ಬರುವ ಕನ್ನಡ ಪತ್ರಿಕೆ. ಚುರಮುರಿ ಅದನ್ನು ಮೂಸಿ ನೋಡಿ, ಒಂದು ಸುತ್ತು ಹಾಕಿ, ಪಕ್ಕದ ಹಲಗೆಯ ಮೇಲೆ ಕೆಲಸ ಮುಗಿಸಿತು.

“ನೋಡಿದ್ಯಾ, ಕನ್ನಡದ ಮ್ಯಾಲ ಎಷ್ಟು ಅಭಿಮಾನ!” ಎಂದೆ.

“ಅಭಿಮಾನ ಆಮ್ಯಾಲ ನೋಡೂಣಂತ, ಮೊದಲ ಅರಿವಿ ತಂದು ಒರಸ್ರಿ,” ಎಂದಳು ನನ್ನ ಹೆಂಡತಿ ಶಾರದಾ.

ಆಮೇಲೆ ಬೈದು ತಿದ್ದುವುದೆಂದಾಯಿತು. ಅದು ತಪ್ಪು ಮಾಡಿದಾಗಲೆಲ್ಲ ಮೂವರೂ ಸುತ್ತ ನಿಂತು “ಶೀ! ಶೀ ಚುರಮುರಿ!” ಎಂದು ಕೂಗುತ್ತಿದ್ದೆವು. ಅದು ಪ್ರೀತಿಯಿಂದ ನಮ್ಮನ್ನು ನೋಡಿ, ಎರಡು ಸುತ್ತು ತಿರುಗಿ, ಮತ್ತೆ ಕೂತು ನಾಲ್ಕು ಹನಿ ಹಾಕುತ್ತಿತ್ತು. ನಾವು ಇನ್ನೂ ಜೋರಾಗಿ ಶೀ ಅಂದರೆ ಇನ್ನೂ ಎರಡು ಹನಿ. ಇಂಥ ಮೊಂಡತನವನ್ನು ನಾನು ನಮ್ಮ ಕಚೇರಿಯಲ್ಲೂ ಕಂಡಿರಲಿಲ್ಲ.

ಒಂದು ಮುಂಜಾನೆ ಆ ಹನಿ ಹಲಗೆಯ ಸಂದಿಯಿಂದ ಇಳಿದು ಅಪ್ಪಾಸಾಹೇಬರು ಓದುತ್ತಿದ್ದ ಪತ್ರಿಕೆಯ ಮೇಲೆಯೇ ಬಿತ್ತು. ಅವರು ಮೆಟ್ಟಿಲ ಕೆಳಗೆ ನಿಂತು ಮರಾಠಿಯಲ್ಲಿ ಗುಡುಗಿದರು: ಭಾನುವಾರದ ತನಕ ಅವಕಾಶ, ಆಮೇಲೆ ನಾಯಿಯಾದರೂ ಹೋಗಬೇಕು, ಇಲ್ಲ ನೀವಾದರೂ ಹೋಗಬೇಕು. ಆ ದಿನ ಸುಮಾ ಊಟ ಮಾಡಲಿಲ್ಲ.

ಶನಿವಾರ ಕಾಕೂ ಮರಿಯನ್ನು ನೋಡಲು ಬಂದರು. ಅವರ ಕಣ್ಣೆದುರೇ ಚುರಮುರಿ ಕೂತಿತು. “ಶೀ! ಎಷ್ಟ್ ಹೊಲಸ ಮಾಡ್ತೀ!” ಎಂದು ಶಾರದಾ ಕೂಗಿದಳು. ಕಾಕೂ ಬಾಗಿಲು ಹಿಡಿದುಕೊಂಡು ನಗತೊಡಗಿದರು. “ಅಹೋ ವಹಿನಿ, ತುಮ್ಹೀಚ್ ತರ್ ತಿಲಾ ಸಾಂಗತಾಯ್!” ಎಂದರು. ನೀವೇ ತಾನೇ ಅದಕ್ಕೆ ಹೇಳುತ್ತಿರುವುದು!

ಮರಾಠಿ ಮನೆಗಳಲ್ಲಿ ಕೂಸನ್ನು ಬಚ್ಚಲಿಗೆ ಕೂರಿಸಿ ‘ಶೀ ಕರ್’, ಅಂದರೆ ಕಕ್ಕ ಮಾಡು, ಅನ್ನುತ್ತಾರಂತೆ. ಕಾಕೂ ಈ ಮರಿಗೂ ಕಣ್ಣು ಬಿಟ್ಟಾಗಿನಿಂದ ಒಂದಕ್ಕೂ ಎರಡಕ್ಕೂ ಅದೇ ಮಾತು ಕಲಿಸಿದ್ದರು. ಪಾಪದ ಪ್ರಾಣಿ, ಹೊಟ್ಟೆಯಲ್ಲಿ ಏನೂ ಉಳಿದಿರದಿದ್ದರೂ ಯಜಮಾನರ ಅಪ್ಪಣೆ ಎಂದು ತಿಣುಕಿ ತಿಣುಕಿ ನಡೆಸಿಕೊಟ್ಟಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂದು ಸಂಜೆ ಅದನ್ನು ಹಿತ್ತಲಿಗೆ ಒಯ್ದು ಮೆಲ್ಲಗೆ “ಶೀ” ಎಂದೆ. ತಕ್ಷಣ ಕೆಲಸ ಮುಗಿಯಿತು. ಇನ್ನು ಮನೆಯೊಳಗೆ ಯಾರೂ ಆ ಮಾತೆತ್ತಬಾರದೆಂದು ಮೂವರೂ ಆಣೆ ಮಾಡಿದೆವು.

ಭಾನುವಾರ ಅಪ್ಪಾಸಾಹೇಬರು ಹೊಸಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಗ್ಗಿ ಬಗ್ಗಿ ಹಲಗೆಗಳನ್ನು ಮೂಸಿದರು. ಚುರಮುರಿ ಸುಮಾಳ ಕಾಲ ಬಳಿ ಸಾಧುವಾಗಿ ಕೂತಿತ್ತು. ಜಾಣೆ ಎಂದು ಅವರು ತಲೆದೂಗಿದರು. ನಾನು ಉಬ್ಬಿಹೋಗಿ, “ಎಲ್ಲಾ ತರಬೇತಿಯ ಮೇಲಿರುತ್ತದೆ,” ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿ, ಚಹಾದ ಕಪ್ಪೆತ್ತಿದೆ. ಹಾಲಿನ ಕೆನೆ ಮೇಲ್ತುಟಿಗೆ ಅಂಟಿಕೊಂಡಿತು. ಚಹಾದ ಮೇಲಿನ ಕೆನೆ ನನಗೆ ಚಿಕ್ಕಂದಿನಿಂದ ಆಗದು.

“ಶೀ!” ಎಂದೆ.

ಚುರಮುರಿ ಎದ್ದಿತು. ಹೊಸಿಲಿಗೆ ಹೋಗಿ ಎರಡು ಸುತ್ತು ತಿರುಗಿ, ಅಪ್ಪಾಸಾಹೇಬರ ಎಡಗಾಲಿನ ಚಪ್ಪಲಿಯ ಮೇಲೆ ಕೂತಿತು.

ಸುಮಾ ಅಳುತ್ತಲೇ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಅಪ್ಪಾಸಾಹೇಬರು ಚಪ್ಪಲಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. “ಕುತ್ರೀ ಶಿಕಲೀ. ಆತಾ ತುಮ್ಹೀ ಶಿಕಾ,” ಎಂದರು. ನಾಯಿ ಕಲಿತಿದೆ, ಇನ್ನು ನೀವು ಕಲಿಯಿರಿ. ಚಪ್ಪಲಿಯನ್ನು ನಾನೇ ತೊಳೆದುಕೊಟ್ಟೆ.

ಈಗ ತಣ್ಣಗಿನ ಚಹಾವನ್ನೂ ನಾನು ಸದ್ದಿಲ್ಲದೆ ಕುಡಿಯುತ್ತೇನೆ. “ಚುರಮುರಿ ಬಂದ ಮ್ಯಾಲ ಭಾಳ ಸುಧಾರಿಸೀರಿ,” ಎನ್ನುತ್ತಾಳೆ ಶಾರದಾ. ತೀರಾ ತಡೆಯಲಾಗದಿದ್ದರೆ ಮೆಟ್ಟಿಲಿಳಿದು ಹಿತ್ತಲಿಗೆ ಹೋಗಿ ಮನಸಾರೆ ಶೀ ಅನ್ನುತ್ತೇನೆ. ನಾನು ಚಪ್ಪಲಿ ಮೆಟ್ಟಿದ ಸದ್ದಿಗೇ ಚುರಮುರಿಯೂ ಹಿಂದೆ ಓಡಿಬರುತ್ತದೆ. ಇಬ್ಬರೂ ನಮ್ಮ ನಮ್ಮ ಕೆಲಸ ಮುಗಿಸಿಕೊಂಡು ಮೇಲೆ ಬರುತ್ತೇವೆ.