ನಾಲ್ಕನೆಯ ಕಾಲು

“ಸಲಿಕಿ ಕೆಳಗಿಡ್ರಿ! ಕೈ ಮುಗೀತೀನಿ, ಕೆಳಗಿಡ್ರಿ!”

ಸಿದ್ದಾರೂಢ ಮಾಸ್ತರ ಬೈಕನ್ನು ಸ್ಟ್ಯಾಂಡಿಗೂ ಹಾಕದೆ ಓಡಿಬಂದ. ಬೈಕು ಮುನಿಸಿಕೊಂಡ ಎಮ್ಮೆಯ ಹಾಗೆ ಮಗ್ಗುಲಾಗಿ ಮಲಗಿತು. ಬೆಳುಂಕಿಯ ಕನ್ನಡ ಶಾಲೆಯ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ನಡುವೆ ಭಾಗವ್ವ, ಕೈಯಲ್ಲಿ ಸಲಿಕೆ. ಕಾಲ ಬಳಿ ಆಗಷ್ಟೇ ಅಗೆದು ತೆಗೆದ ದೊಡ್ಡ ದೊಡ್ಡ ಎಲುಬುಗಳ ರಾಶಿ. ಅದರ ಮೇಲೆ ಬೇವಿನ ತಪ್ಪಲು.

“ಯಾರ್ ಹುಗದಾರ್ರಿ ಇವನ್ನ?” ಭಾಗವ್ವ ಕೇಳಿದಳು.

“ನಾನಽ, ಯವ್ವಾ.”

ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

“ನೆಲದ ಮ್ಯಾಲ ರಂಗೋಲಿಲೆ ಮನಿ ಮನಿ ಕೊರದು, ಮೂಲಿ ಮೂಲಿಗಿ ಕೆಂಪ ಚಿಂದಿ ಕಟ್ಟಿ, ನಡಬರಕ ಎಲುಬ ಹುಗದ್ರ ಏನಂತ ತಿಳಕೋಬೇಕ್ರಿ? ಹೋಳಿಗಿ ಊಟಕ್ಕ ಕರದಾರಂತೇನು? ಮಾಟ ಅಂತಾರ ಇದಕ್ಕ! ನನ್ನ ಮೊಮ್ಮಗಳು ಕಾಜಲ್ ಇವತ್ತ ಸಾಲಿಗಿ ಬರಂಗಿಲ್ಲ. ಯಾರ ಮಕ್ಕಳೂ ಬರಂಗಿಲ್ಲ.”

ಮಾಸ್ತರ ಗಡಿಯಾರ ನೋಡಿಕೊಂಡ. ಹತ್ತೂವರೆ. ಹನ್ನೊಂದಕ್ಕೆ ಸುತ್ತಲಿನ ಶಾಲೆಗಳ ಮೇಲ್ವಿಚಾರಣೆಯ ಕೇಂದ್ರಪ್ರಮುಖರು ಬರುವವರಿದ್ದರು. ಮಕ್ಕಳು ಅವರ ಎದುರಿಗೇ, ಉತ್ಖನನ ಮಾಡುವವರ ಹಾಗೆ, ರಂಗೋಲಿಯ ಒಂದೊಂದೇ ಚೌಕದಲ್ಲಿ ನೆಲ ಅಗೆದು, ಎಲುಬು ತೆಗೆದು, ಆ ಪ್ರಾಣಿ ಹೇಗೆ ಬಾಳಿತ್ತೆಂದು ಹೇಳಬೇಕಿತ್ತು. ಅವರು ಮೆಚ್ಚಿದರೆ ಶಾಲೆ ಸಾಂಗಲಿಯ ವಿಜ್ಞಾನ ಪ್ರದರ್ಶನಕ್ಕೆ. ಏಳು ವರ್ಷ ಜ್ವಾಲಾಮುಖಿಯನ್ನೇ ಮಾಡಿ ಏಳು ವರ್ಷವೂ ಸೋತಿದ್ದ ಮಾಸ್ತರ ಈ ಸಲ ಎರಡು ತಿಂಗಳು ಕೂತು ಎಲುಬು ಮಾಡಿದ್ದ. ಮೂರು ಕಾಲಾಗುವಷ್ಟರಲ್ಲಿ ಪ್ಲಾಸ್ಟರು ಮುಗಿದಿತ್ತು. ನಾಲ್ಕನೆಯದು ಪ್ರವಾಹದಲ್ಲಿ ಕೊಚ್ಚಿಹೋಯಿತೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ.

“ಇದು ನೆಲದ ಸ್ಲಾತ್ ಅಂತ, ಯವ್ವಾ. ಅಮೇರಿಕಾದಾಗಿತ್ತು. ಆನಿಯಷ್ಟ ದೊಡ್ಡದು, ಆದರ ಬರೇ ತಪ್ಪಲ ತಿಂತಿತ್ತು. ಅದರ ಕುಲಾನಽ ಅಳದ ಹತ್ತ ಸಾವಿರ ವರ್ಷಾತು.”

“ಅಮೇರಿಕಾದಾಗ ಸತ್ತದ್ದು ಬೆಳುಂಕ್ಯಾಗ ಹೆಂಗ ಹುಗಸ್ಕೊಂತು?”

“ಖರೇ ಅಲ್ಲ, ನಾ ಮಾಡೇನಿ! ಗೋಣಿಚೀಲ, ತಂತಿ, ಪ್ಲಾಸ್ಟರ್!”

“ಸಾಲಿ ಬಾಗಲದ ಚಿಲಕ ಕಿತ್ತ ಎರಡ ವರ್ಷಾತು. ಅದನ್ನ ಕೂಡಸಾಕ ಆಗಿಲ್ಲ ನಿಮಗ. ಆನಿ ಎಲುಬ ಮಾಡ್ತೀರೇನ್ರಿ?”

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದ ಶಿದ್ರಾಯನಿಗೆ ಕರೆ ಹೋಯಿತು. ಎಲುಬಿನ ವಿಷಯದಲ್ಲಿ ಊರಿಗೆಲ್ಲ ಅವನೇ ಕೋರ್ಟು. ಅವನು ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನಷ್ಟುದ್ದದ ಉಗುರೊಂದನ್ನು ಎತ್ತಿ ತಿರುಗಿಸಿ ನೋಡಿದ.

“ಇಷ್ಟ ಉದ್ದ ಉಗರ ಇದ್ದ ಮ್ಯಾಲ ಪಾದಾ ನೆಟ್ಟಗ ಊರಾಕ ಬರಂಗಿಲ್ಲ. ಮಗ್ಗಲಿಲೆ ನಡೀತಿತ್ತು. ಟೊಂಗಿ ಜಗ್ಗಿ ಜಗ್ಗಿ ತಿಂತಿತ್ತು.”

ಮಾಸ್ತರನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಪುಸ್ತಕದಲ್ಲೂ ಅದನ್ನೇ ಬರೆದಿದ್ದರು. “ಹೌದು! ಅದರ ಒಣಗಿದ ಲದ್ದಿ ಗವಿಯಾಗ ಸಿಕ್ಕೈತಿ. ಯಾವ್ಯಾವ ಗಿಡ ತಿಂತಿತ್ತಂತ ಅದರಿಂದಽ ತಿಳದಾರ.”

“ಹಿಕ್ಕಿ ನೋಡಿದ ಮ್ಯಾಲ ತಿಳೀಲಾರದ್ದು ಏನೈತ್ರಿ,” ಅಂದ ಶಿದ್ರಾಯ. “ಆದರ ಮಾಸ್ತರ್ರ, ಒಂದ ಮಾತ...”

“ಕೇಳಿದ್ರೇನವ್ವಾ?” ಭಾಗವ್ವ ಸಲಿಕೆ ಎತ್ತಿದಳು. “ಶಿದ್ರಾಯನಽ ಅಂದ, ಖರೇ ಪ್ರಾಣಿ!”

ಹನ್ನೊಂದಕ್ಕೆ ಹತ್ತು ನಿಮಿಷ. ಮಾಸ್ತರ ರಾಶಿಗೆ ಕೈ ಹಾಕಿ ಮಣ್ಣು ಮೆತ್ತಿದ್ದ ದೊಡ್ಡ ಕಾಲೆಲುಬೊಂದನ್ನು ಎಳೆದುಕೊಂಡು ಧ್ವಜದ ಕಟ್ಟೆಯ ಮೇಲಿಟ್ಟ. ಒಂದು ಕಲ್ಲು ಹುಡುಕಿದ.

“ಎಲ್ಲಾರೂ ನೋಡ್ರಿ! ಒಡದ ತೋರಸ್ತೀನಿ. ಒಳಗ ಗೋಣಿ ಇರಲಿಲ್ಲಂದ್ರ ನನ್ನ ಹೆಸರು ಸಿದ್ದಾರೂಢ ಅಲ್ಲ!”

“ಅದ ಬ್ಯಾಡ್ರಿ, ಅದು...” ಶಿದ್ರಾಯ ಎದ್ದ.

ಇದೇಕೆ ಇಷ್ಟು ಭಾರ ಎಂಬ ಯೋಚನೆ ಬರುವ ಹೊತ್ತಿಗೆ ಮಾಸ್ತರನ ಕೈ ಮೇಲೆದ್ದಾಗಿತ್ತು. ಮೂರು ಪೆಟ್ಟು ಬೇಕಾದವು. ಎಲುಬು ಐದು ತುಂಡಾಯಿತು. ಗೋಣಿ ಇರಲಿಲ್ಲ, ತಂತಿ ಇರಲಿಲ್ಲ. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಣ್ಣು. ಒಂದೊಂದು ಕಣ್ಣಿನಲ್ಲೂ ಕಲ್ಲು.

ಹೆಂಗಸರು ಕಟ್ಟೆಯತ್ತ ಬಗ್ಗಿ ನೋಡಿದರು.

“ಇನ್ನಮ್ಯಾಲ ನಿಮಗ ಏನಂತ ಕರೀಬೇಕ್ರಿ ಮಾಸ್ತರ್ರ?” ಭಾಗವ್ವ ಮೆಲ್ಲಗೆ ಕೇಳಿದಳು.

ಕೇಂದ್ರಪ್ರಮುಖರು ಯಾವಾಗ ಬಂದು ಹಿಂದೆ ನಿಂತಿದ್ದರೋ ಯಾರಿಗೂ ತಿಳಿದಿರಲಿಲ್ಲ. ಅವರು ಒಂದು ತುಂಡನ್ನು ಎತ್ತಿ ಚಸ್ಮ ಏರಿಸಿ ನೋಡಿದರು.

“ಮಾಸ್ತರ್, ಇದು ಖರೇ ಎಲುಬು. ಕಲ್ಲಾಗೈತಿ. ಸ್ಲಾತ್ ಅಂತೂ ಅಲ್ಲ, ನಮ್ಮ ಕಡೀದಽ ಯಾವುದೋ ಹಳೀ ಆನಿ ಇರಬೇಕು. ಸಾಂಗಲಿ ಯಾಕ, ಮುಂಬೈಗಿ ಹೋಗ್ತಿತ್ತು ನಿಮ್ಮ ಸಾಲಿ.” ತುಂಡನ್ನು ಮತ್ತೊಂದು ತುಂಡಿಗೆ ಜೋಡಿಸಿ ನೋಡಿ, ಕೂಡದೆ, ಕೆಳಗಿಟ್ಟರು. “ನಾ ಐದ ನಿಮಿಷ ಲಗೂನ ಬರಬೇಕಾಗಿತ್ತು.”

“ಇದು ನಂದಲ್ಲ,” ಮಾಸ್ತರ ತೊದಲಿದ. “ನಾ ಮಾಡಿದ್ದು ಮೂರಽ ಕಾಲು.”

“ಅದನ್ನಽ ಹೇಳಾಕತ್ತಿದ್ದೆ, ಯಾರೂ ಕೇಳಲಿಲ್ಲ,” ಅಂದ ಶಿದ್ರಾಯ. “ನಿನ್ನಿ ನೀವು ಹುಗಿಯೂದನ್ನ ಬೇಲಿ ಆಚಿಂದ ನೋಡಿದೆ. ಮೂರ ಕಾಲಿಲೆ ಹೆಂಗ ನಡದೀತ್ರಿ ಪಾಪ? ಹಳ್ಳದಾಗ ಸಿಕ್ಕದ್ದೊಂದು ನನ್ನ ಹತ್ರ ಇತ್ತು. ನಾಕನೇದ ಆಗಲಿ ಅಂತ, ನೀವು ಹ್ವಾದ ಮ್ಯಾಲ ಹುಗದೆ.”

“ಅಲ್ಲಿ ಇನ್ನೂ ಅದಾವೇನಪಾ?” ಕೇಂದ್ರಪ್ರಮುಖರ ದನಿ ತಗ್ಗಿತು.

“ಭಾಳ ಅದಾವ್ರಿ. ಒಂದ ತಲೀನೂ ಐತಿ, ಹಲ್ಲ ಸುದ್ದಾ.”

ಮಾಸ್ತರನ ಮುಖದಲ್ಲಿ ಜೀವ ಬಂತು. ಅವನು ಶಿದ್ರಾಯನ ಮುಂದೆ ಹೋಗಿ ನಿಂತ. “ಶಿದ್ರಾಯಣ್ಣಾ, ನಡಿ, ಗಾಡಿ ಮ್ಯಾಲ ಕುಂದ್ರು. ಬರೇ ಜಾಗಾ ತೋರಸು. ಪ್ರದರ್ಶನದ ಫಲಕದ ಮ್ಯಾಲ ನಿನ್ನ ಹೆಸರಽ ಮೊದಲ ಬರಸ್ತೀನಿ. ಪೇಪರದಾಗ ಫೋಟೋ ಬರ್ತೈತಿ. ಸಾಂಗಲ್ಯಾಗ ಶಾಲ ಹೊದಸ್ತಾರ.”

ಶಿದ್ರಾಯ ಕಟ್ಟೆಯ ಮೇಲಿನ ಐದು ತುಂಡುಗಳನ್ನು ನೋಡಿದ. ಮಾಸ್ತರನ ಕೈಯಲ್ಲಿ ಇನ್ನೂ ಹಾಗೇ ಇದ್ದ ಕಲ್ಲನ್ನು ನೋಡಿದ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ.

“ಬ್ಯಾಡ್ರಿ,” ಅಂದ. “ನೀವು ಒಡೀತೀರಿ.”