ಕುದುರೆಯ ನಾಲ್ಕನೇ ಕಾಲು

ಎಡವಟ್ಟುಗಳು ನನ್ನ ಮನೆ ವಿಳಾಸ ಕೇಳಿಕೊಂಡೇ ಬರುತ್ತವೆ. ನಾನೂ ಬಾಗಿಲು ಹಾಕಿಕೊಳ್ಳುವವನಲ್ಲ. ಡಲ್ಲಾಸ್ ಹತ್ತಿರದ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಅಲ್ಲಿ ತಪ್ಪು ಸಿಕ್ಕರೆ ಎಲ್ಲರ ಮುಖ ಸೊಟ್ಟ. ಅಂಚೆಚೀಟಿ ಕೂಡಿಡುವವರಿಗೆ ಅಚ್ಚಿನ ತಪ್ಪು ಸಿಕ್ಕರೆ ಹಬ್ಬ. ಇದು ಗೊತ್ತಾದ ದಿನವೇ ಅಂದುಕೊಂಡೆ, ಈ ಆಟ ನನಗೇ ಹೇಳಿ ಮಾಡಿಸಿದ್ದು ಅಂತ.

ತಗಡಿನ ಡಬ್ಬಿ

ಲಿಟಲ್ ಎಲ್ಮ್‌ನಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಗ್ಯಾರೇಜಿನ ಮುಂದೆ ಹಳೇ ಸಾಮಾನು ಹರಡಿಕೊಂಡು ಮಾರುತ್ತಿದ್ದರು. ನಾನು ಹೋದದ್ದು ಟೇಬಲ್ ಫ್ಯಾನಿಗೆ. ತಂದದ್ದು ಹಳೇ ಅಂಚೆಚೀಟಿಗಳ ತಗಡಿನ ಡಬ್ಬಿ.

"ಸ್ಟ್ಯಾಂಪಿನ ಬಗ್ಗೆ ನಿನಗೆ ಗೊತ್ತಾ?" ಎಂದು ಕೇಳಿದರು.

"ಇವತ್ತು ಸಂಜೆಯೊಳಗೆ ಗೊತ್ತಾಗುತ್ತೆ" ಎಂದೆ.

ಸಂಜೆ ಆರಕ್ಕೆ ನಾನು ಪಂಡಿತ.

ಅಲೆನ್‌ನ ಡಾಕ್ಟರು

ಡಬ್ಬಿಯಲ್ಲಿ ಓಡುವ ಕುದುರೆಯ ಚೀಟಿಯೊಂದಿತ್ತು. ಸರ್ಕಾರಿ ಅಂಚೆ ಮನೆಮನೆಗೆ ಬರದಿದ್ದ ಕಾಲದಲ್ಲಿ ಖಾಸಗಿ ಕಂಪನಿಗಳು ಊರೊಳಗೆ ಕಾಗದ ಹಂಚುತ್ತಿದ್ದವಂತೆ. ಅಂಥ ಒಂದು ಕಂಪನಿ ಕಲ್ಲಚ್ಚಿನಲ್ಲಿ ಒತ್ತಿಸಿದ ಚೀಟಿ ಅದು. ಇಂಥವು ಅಪರೂಪ, ಇವುಗಳ ನಕಲಿ ಮಾತ್ರ ರಾಶಿ ರಾಶಿ.

ಹತ್ತಿರದ ಅಲೆನ್ ಊರಿನಲ್ಲಿ ಮೈಸೂರಿನ ಡಾಕ್ಟರ್ ಅಂಕಲ್ ಒಬ್ಬರಿದ್ದಾರೆ. ಚಿಕ್ಕಂದಿನಿಂದ ಅಂಚೆಚೀಟಿ ಕೂಡಿಟ್ಟವರು. ಅವರ ಹತ್ತಿರ ಇದೇ ಕುದುರೆಯ ಅಸಲಿ ಚೀಟಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನಕ್ಕರು.

"ಹಿಂಗಾಲು ನೋಡಯ್ಯ. ನನ್ನ ಕುದುರೆಗೂ ನಿನ್ನದಕ್ಕೂ ಹೋಲಿಕೆಯೇ ಇಲ್ಲ. ನಿನ್ನದು ನಕಲಿ."

ನಮ್ಮಪ್ಪ ಊರಿನಲ್ಲಿ ಎತ್ತಿಗೂ ಜಟಕಾ ಕುದುರೆಗೂ ಲಾಳ ಹೊಡೆಯುವವರು. ಕಾಲು ಹಿಡಿದುಕೊಳ್ಳುತ್ತಿದ್ದವನು ನಾನು. "ಅಂಕಲ್, ಮೂರು ಕಾಲು ನಿಮ್ಮದರ ಥರವೇ ಇದೆ. ನಾಲ್ಕನೆಯದು ಮಾತ್ರ ಉಲ್ಟಾ ಮಡಚಿದೆ. ಹಂಗೆ ಮಡಚೋ ಕುದುರೆಯನ್ನ ದೇವರು ಇನ್ನೂ ಮಾಡಿಲ್ಲ. ಕುದುರೆ ಅಸಲಿ, ಕಾಲು ನಕಲಿ."

"ನಾನು ಡಾಕ್ಟರು ಕಣಯ್ಯ!"

"ಮನುಷ್ಯರಿಗೆ, ಅಂಕಲ್."

ಅವರಿಗೆ ರೇಗಿತು. ಪಂದ್ಯ ಕಟ್ಟಿದೆವು. ಸೋತವನು ರಾಜ್ಯೋತ್ಸವದ ಊಟದಲ್ಲಿ ಪಂಚೆ ಉಟ್ಟು ಇಡೀ ಪಂಕ್ತಿಗೆ ಸಾರು ಬಡಿಸಬೇಕು. ಮಾರನೆಯ ದಿನದೊಳಗೆ ಇಡೀ ಡಲ್ಲಾಸ್ ಕನ್ನಡಿಗರಿಗೆ ನಾನೇ ಸುದ್ದಿ ಮುಟ್ಟಿಸಿದ್ದೆ, ಡಾಕ್ಟರ ಪಂಚೆ ಅಳತೆ ಸಮೇತ.

ಆಸ್ಟಿನ್‌ನಲ್ಲಿ ಆಯುಧಪೂಜೆ

ಹ್ಯೂಸ್ಟನ್‌ನ ಅಂಚೆಚೀಟಿ ಪ್ರದರ್ಶನದಲ್ಲಿ ತಜ್ಞರಿಗೆ ತೋರಿಸೋಣ ಎಂದು ಹೊರಟೆ. ಸ್ವಲ್ಪ ಸುತ್ತು ಹಾಕಿ ಆಸ್ಟಿನ್‌ನ ಗೆಳೆಯನ ಮನೆಯಲ್ಲಿ ಇಳಿದುಕೊಂಡೆ. ಅವತ್ತು ಆಯುಧಪೂಜೆ. "ನನ್ನ ಆಯುಧ ಇದೇ" ಎಂದು ಚೀಟಿಯನ್ನು ಪ್ಲಾಸ್ಟಿಕ್ ಕವರ್ ಸಮೇತ ದೇವರ ಮುಂದೆ ಇಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಕುದುರೆಯ ಮೇಲೆ ಇಷ್ಟಗಲ ಒದ್ದೆ ಕುಂಕುಮ! ಧಾರವಾಡದಿಂದ ಬಂದಿದ್ದ ಗೆಳೆಯನ ತಾಯಿ ಹೆಮ್ಮೆಯಿಂದ ಹೇಳಿದರು: "ಕಾರಿಗೆ ಹಚ್ಚಿದೆ, ಲ್ಯಾಪ್‌ಟಾಪಿಗೆ ಹಚ್ಚಿದೆ. ನಿನ್ನ ಕುದರಿ ಏನ್ ಪಾಪ ಮಾಡೇತಿ, ತಮ್ಮಾ? ಪ್ಲಾಸ್ಟಿಕ್ ಮ್ಯಾಲ ನಿಲ್ಲಲಿಲ್ಲ, ಅದಕ್ಕ ತಗದು ಹಚ್ಚೀನಿ."

ಬಟ್ಟಲು ನೀರಿಗೆ ಚೀಟಿ ಹಾಕಿ ಮೆಲ್ಲಗೆ ಅಲ್ಲಾಡಿಸಿದೆ. ಕುಂಕುಮ ಅರ್ಧ ಹೋಯಿತು. ಅದರ ಹಿಂದೆಯೇ ಆ ನಾಲ್ಕನೇ ಕಾಲು ಕಪ್ಪಗೆ ಕರಗಿ ಹೋಯಿತು! ಉಳಿದ ಮೂರು ಕಾಲು ಕದಲಲಿಲ್ಲ.

"ಅಯ್ಯೋ, ಕಾಲು ಕಳಕೊಂತಲ್ಲೋ!" ಎಂದರು ಅಮ್ಮ.

ಒಂದು ಕ್ಷಣ ನಾನೂ ಹೆದರಿದೆ, ಸುಳ್ಳೇಕೆ. ಮರುಕ್ಷಣ ಕುಣಿದೆ. "ನಾನು ಹೇಳಿರಲಿಲ್ವಾ?"

"ಯಾರಿಗೆ ಹೇಳಿದ್ದೆ?" ಎಂದ ಗೆಳೆಯ.

"ಯಾರಿಗೆ ಹೇಳಿರಲಿಲ್ಲ?"

ಹ್ಯೂಸ್ಟನ್‌ನ ಭೂತಗನ್ನಡಿ

ತಜ್ಞೆ ಬೆಳ್ಳಿಕೂದಲಿನ ಹೆಂಗಸು. ಭೂತಗನ್ನಡಿಯಲ್ಲಿ ಐದು ನಿಮಿಷ ನೋಡಿ ಉಸಿರೆಳೆದುಕೊಂಡರು. ಅಚ್ಚಿನ ಕಲ್ಲಿನ ಮೇಲೆ ಸಾಲಾಗಿದ್ದ ಕುದುರೆಗಳಲ್ಲಿ ಒಂದೇ ಒಂದಕ್ಕೆ ನಾಲ್ಕನೇ ಕಾಲು ಮೂಡಿರಲಿಲ್ಲವಂತೆ. ಆ ಮೂರು ಕಾಲಿನದೇ ಅಪರೂಪದ್ದು. ಯಾರೋ ಪುಣ್ಯಾತ್ಮರು ಕನಿಕರದಿಂದ ಪೆನ್ನಿನಲ್ಲಿ ನಾಲ್ಕನೆಯದನ್ನು ಬರೆದಿದ್ದರು.

"ಇಷ್ಟು ನಾಜೂಕಾಗಿ ಆ ಶಾಯಿ ತೆಗೆದವರು ಯಾರು?"

"ನಾನೇ" ಎಂದೆ.

"ಈ ಕೆಂಪು ಗುರುತು? ಯಾವ ಅಂಚೆ ಕಚೇರಿಯದು?"

ಇದಕ್ಕೆ ಮಾತ್ರ ನಿಜ ಹೇಳಿದೆ. ನಕ್ಕು ನಕ್ಕು ಬರೆದುಕೊಟ್ಟರು: "ಅಸಲಿ. ಮೂರು ಕಾಲು. ಮೇಲೊಂದು ಪೂಜೆಯ ಕಲೆ."

ಸಾರಿನ ಬಕೆಟ್

ರಾಜ್ಯೋತ್ಸವದ ದಿನ ಡಾಕ್ಟರ್ ಅಂಕಲ್ ಪಂಚೆ ಉಟ್ಟು, ಬೆಲ್ಟು ಬಿಗಿದು, ಸಾರಿನ ಬಕೆಟ್ ಹಿಡಿದು ಬಂದರು. ನಾನು ಬೇಕೆಂದೇ ಪಂಕ್ತಿಯ ಮೊದಲನೆಯವನಾಗಿ ಕೂತಿದ್ದೆ. ಪಕ್ಕದಲ್ಲಿ ಆಸ್ಟಿನ್‌ನಿಂದ ಬಂದಿದ್ದ ಗೆಳೆಯನ ಅಮ್ಮ.

"ಅಂಕಲ್, ಅಡಿಯಿಂದ ಕದಡಿ ಹಾಕಿ."

ಹಲ್ಲು ಕಚ್ಚಿಕೊಂಡು ಹಾಕಿದರು. ಮೂರು ಸಲ ಕರೆದೆ, ಮೂರು ಸಲವೂ ಬಂದರು. ನಾಲ್ಕನೆಯ ಸಲ ಕರೆಯದೆಯೇ ಬಂದರು. ಬಕೆಟ್ ಕೆಳಗಿಟ್ಟು, ಆಚೀಚೆ ನೋಡಿ, ಜುಬ್ಬದ ಜೇಬಿನಿಂದ ತಮ್ಮ ನಾಲ್ಕು ಕಾಲಿನ ಕುದುರೆಯನ್ನು ತೆಗೆದು ಅಮ್ಮನ ಮುಂದೆ ಹಿಡಿದರು.

"ಅಮ್ಮಾವ್ರೇ, ಇದಕ್ಕೂ ಒಂಚೂರು ಕುಂಕುಮ ಹಚ್ಚಿಕೊಡ್ತೀರಾ?"